ಒಂದೂವರೆ ಲಕ್ಷ ಫ್ರಾಂಕು: ಬರ್ಲಿಯೋಜನ ಆತ್ಮಕಥೆಯಲ್ಲಿ ಬಾಲ್ಜಾಕ್



ದತ್ತಿ ಉಪನ್ಯಾಸವೆಂದರೆ ಬಡ್ಡಿಯ ಮೇಲೆ ನಡೆಯುವ ಮಾತು. ಯಾರೋ ಪುಣ್ಯಾತ್ಮರು ಒಂದು ಇಡುಗಂಟು ಒಪ್ಪಿಸಿರುತ್ತಾರೆ. ಅದು ಬ್ಯಾಂಕಿನಲ್ಲಿ ಕೂತು ವರ್ಷಕ್ಕಿಷ್ಟು ಎಂದು ಮರಿ ಹಾಕುತ್ತದೆ. ಆ ಮರಿಯಲ್ಲೇ ಮೈಕು, ಹಾರ, ಉಪ್ಪಿಟ್ಟು, ಕಾಫಿ, ಮಾತಾಡಲು ಬಂದವನ ಬಸ್ ಚಾರ್ಜು ಎಲ್ಲ ತೀರಬೇಕು. ಬಡ್ಡಿ ದರ ಇಳಿದರೆ ಉಪ್ಪಿಟ್ಟು ಹೋಗಿ ಬಿಸ್ಕತ್ತು ಬರುತ್ತದೆ. ಮೈಕಿನ ಮುಂದೆ ನಿಂತ ಕೂಡಲೇ ದುಡ್ಡಿನ ಮಾತೆತ್ತಿದನಲ್ಲ ಎಂದು ಬೇಸರಪಡಬೇಡಿ. ಇವತ್ತು ನಾನು ಹೇಳಬೇಕೆಂದಿರುವ ಇಬ್ಬರಲ್ಲಿ ಒಬ್ಬ ದುಡ್ಡಿನ ಮೇಲೆ ಕಾದಂಬರಿ ಕಟ್ಟಿದವನು, ಇನ್ನೊಬ್ಬ ದುಡ್ಡಿಲ್ಲದೆ ಸಂಗೀತ ಕಟ್ಟಿದವನು. ಮೊದಲನೆಯವನು ಓನೊರೆ ದ ಬಾಲ್ಜಾಕ್. ಎರಡನೆಯವನು ಎಕ್ತೋರ್ ಬರ್ಲಿಯೋಜ್. ಎರಡನೆಯವನ ಆತ್ಮಕಥೆಯಲ್ಲಿ ಮೊದಲನೆಯವನು ಹಾದುಹೋಗುವ ಒಂದೆರಡು ಪುಟಗಳೇ ನನ್ನ ವಿಷಯ.

ಸಂಗೀತಗಾರನ ಆತ್ಮಕಥೆಯಲ್ಲಿ ದೊಡ್ಡ ಸಾಹಿತಿಯ ಮಾತು ಬಂದರೆ ನಾವು ಕಿವಿ ನೆಟ್ಟಗೆ ಮಾಡುತ್ತೇವೆ. ಕಲೆಯ ಬಗ್ಗೆಯೋ ಬದುಕಿನ ಬಗ್ಗೆಯೋ ಚೌಕಟ್ಟು ಹಾಕಿಡುವಂಥ ಒಂದು ವಾಕ್ಯ ಸಿಕ್ಕೀತು ಎಂಬ ಆಸೆ. ಬರ್ಲಿಯೋಜ್ ಆ ಬಗೆಯ ಉಲ್ಲೇಖಕ್ಕೆ ಕಡಿಮೆ ಮಾಡಿದವನಲ್ಲ. ಪುಸ್ತಕದ ತಲೆಯಲ್ಲೂ ಕೊನೆಯಲ್ಲೂ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಇದ್ದಾನೆ. ಚಿಕ್ಕಂದಿನಲ್ಲಿ ತಂದೆಯ ಮುಂದೆ ಕೂತು ಓದಿದ ವರ್ಜಿಲ್ ಅವನನ್ನು ಸಾಯುವತನಕ ಬಿಡಲಿಲ್ಲ. ಆದರೆ ತನ್ನದೇ ಭಾಷೆಯ, ತನ್ನದೇ ಕಾಲದ ಇಬ್ಬರು ದೊಡ್ಡ ಗದ್ಯಕಾರರ ಮಾತನ್ನು ಅವನು ದಾಖಲಿಸುವಾಗ ಎರಡೂ ಸಲ ಅದು ಹಣದ ಮಾತು. ಒಬ್ಬ ಇಲ್ಲ ಎಂದವನು, ಇನ್ನೊಬ್ಬ ಇದೆ ಇದೆ ಎಂದವನು.

ಇಲ್ಲ ಎಂದವನ ಕಥೆ ಮೊದಲು. 1824ನೇ ಇಸವಿ, ಬರ್ಲಿಯೋಜನಿಗೆ ಇಪ್ಪತ್ತೊಂದು ವರ್ಷ. ತಂದೆ ಲೂಯಿ ಬರ್ಲಿಯೋಜ್ ಆಗ್ನೇಯ ಫ್ರಾನ್ಸಿನ ಲಾ ಕೋತ್ ಸಾಂತ್ ಆಂದ್ರೆ ಎಂಬ ಸಣ್ಣ ಊರಿನ ವೈದ್ಯರು. ಮಗನನ್ನೂ ವೈದ್ಯನಾಗು ಎಂದು ಪ್ಯಾರಿಸಿಗೆ ಕಳಿಸಿದರೆ ಅವನು ಹೆಣ ಕೊಯ್ಯುವ ಕೋಣೆಯಿಂದ ಓಡಿ ಆಪೆರಾ ಮನೆ ಸೇರಿಕೊಂಡ. ಪ್ರಾರ್ಥನಾ ವಿಧಿಗೆಂದು ಒಂದು 'ಮಾಸ್' ರಚಿಸಿದ. ಪ್ಯಾರಿಸಿನ ಸಾನ್ ರೋಕ್ ಚರ್ಚಿನಲ್ಲಿ ಅದನ್ನು ಹಾಡಿಸಬೇಕು. ಪುಕ್ಕಟೆಯಾಗಿ ಬರೆಸಿದ ಸ್ವರಲಿಪಿಯ ಪ್ರತಿಗಳು ತಪ್ಪುಗಳ ಮೂಟೆಯಾಗಿ ಮೊದಲ ಪ್ರಯತ್ನ ಮುಗ್ಗರಿಸಿತು. ಮತ್ತೆ ಬರೆಸಿ, ವಾದಕರನ್ನು ಕರೆಸಬೇಕಾದರೆ 1,200 ಫ್ರಾಂಕು ಬೇಕು. ಆಗ ಅವನು ಕಾಗದ ಬರೆದದ್ದು 'ಅತಾಲಾ', 'ರೆನೆ' ಬರೆದ ಶತೋಬ್ರಿಯಾನನಿಗೆ! ಪರಿಚಯವಿಲ್ಲ, ಶಿಫಾರಸಿಲ್ಲ. ಅಷ್ಟು ಸಾಲ ಕೊಡಿ, ಇಲ್ಲವೇ ಮಂತ್ರಿಗಳಿಗೆ ಒಂದು ಮಾತು ಹೇಳಿ ಎಂದು ಕೇಳಿದ.

ಶತೋಬ್ರಿಯಾ ಆ ವರ್ಷದ ಜೂನಿನಲ್ಲಷ್ಟೇ ವಿದೇಶಾಂಗ ಮಂತ್ರಿಯ ಪದವಿಯಿಂದ ಹೊರಬಿದ್ದಿದ್ದ. ಹಾಗಿದ್ದೂ ಉತ್ತರ ಬರೆದ, ಡಿಸೆಂಬರ್ 31ರ ತಾರೀಖು ಹಾಕಿ. ಕೇಳಿದಷ್ಟು ನನ್ನಲ್ಲಿಲ್ಲ, ಇದ್ದಿದ್ದರೆ ಕಳಿಸುತ್ತಿದ್ದೆ, ಮಂತ್ರಿಗಳ ಬಳಿ ನನ್ನ ಮಾತು ನಡೆಯುವುದಿಲ್ಲ, ಪ್ರತಿಭೆಗೆ ಕಷ್ಟ ಒಂದು ಪರೀಕ್ಷೆ ಎಂಬುದು ಅದರ ಸಾರಾಂಶ. ಬರ್ಲಿಯೋಜ್ ಆ ಕಾಗದವನ್ನು ಇಡಿಯಾಗಿ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿದ್ದಾನೆ. ವ್ಯಂಗ್ಯಕ್ಕೆಂದು ಕೆಲವರು ಹೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಗುರುತು ಪರಿಚಯವಿಲ್ಲದ ಹುಡುಗನಿಗೆ 'ಇಲ್ಲ' ಎನ್ನುವುದಕ್ಕಾದರೂ ಲೇಖನಿ ಹಿಡಿದ ಸೌಜನ್ಯ ಅವನಿಗೆ ನಲವತ್ತು ವರ್ಷ ನೆನಪಿತ್ತು.

ಹಣ ಬಂದದ್ದು ಬೇರೆ ಕಡೆಯಿಂದ. ಆಗುಸ್ತಾನ್ ದ ಪೋನ್ಸ್ ಎಂಬ ಸಂಗೀತಪ್ರೇಮಿ ಆ 1,200 ಫ್ರಾಂಕನ್ನು ತಾನಾಗಿ ಕೊಟ್ಟ. 1825ರ ಜುಲೈ 10ರಂದು ಮಾಸ್ ಹಾಡಿಸಿಯಾಯಿತು. ಆಮೇಲೆ ತೀರಿಸುವ ಪಾಡು. ಬರ್ಲಿಯೋಜ್ ಐದನೇ ಮಹಡಿಯ ಗೂಡಿಗೆ ಬಿಡಾರ ಬದಲಿಸಿದ, ಮಕ್ಕಳಿಗೆ ಪಾಠ ಹೇಳಿದ, ಸಂಜೆ ಹೊತ್ತು ಪೋನ್ ನಫ್ ಸೇತುವೆಯ ಮೇಲಿರುವ ನಾಲ್ಕನೇ ಹೆನ್ರಿಯ ಪ್ರತಿಮೆಯ ಕಾಲಬುಡದಲ್ಲಿ ಕೂತು ಒಣ ರೊಟ್ಟಿಗೆ ದ್ರಾಕ್ಷಿಯನ್ನೋ ಖರ್ಜೂರವನ್ನೋ ನಂಚಿಕೊಂಡ. ಅರ್ಧ ತೀರಿತು. ಉಳಿದರ್ಧವನ್ನು ಪೋನ್ಸ್ ಅವನ ತಂದೆಗೆ ಬರೆದು ವಸೂಲು ಮಾಡಿದ. ಮಗನ ಸಾಲದ ಸಂಗತಿ ತಿಳಿದ ತಂದೆ ತಿಂಗಳ ಹಣ ನಿಲ್ಲಿಸಿದರು. ಈ ಪೋನ್ಸನ ಮುಂದಿನ ಗತಿಯನ್ನೂ ಬರ್ಲಿಯೋಜ್ ನಾಲ್ಕು ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತಾನೆ: ಆಸ್ತಿ ಕಳೆದುಕೊಂಡು ಹಾಡುಗಾರಿಕೆಯ ಪಾಠ ಹೇಳಿ ಬದುಕುತ್ತಿದ್ದವನು, 1848ರ ಕ್ರಾಂತಿಯಲ್ಲಿ ಶಿಷ್ಯರೂ ಇಲ್ಲವಾಗಿ ವಿಷ ಕುಡಿದ. 1,200 ಎಂಬ ಈ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಿ.

ಈಗ ಇಪ್ಪತ್ತೆರಡು ವರ್ಷ ದಾಟುತ್ತೇನೆ. ನಡುವೆ 'ಸಿಂಫನಿ ಫೆಂಟಾಸ್ಟಿಕ್' ಬಂತು, ಶೇಕ್ಸ್‌ಪಿಯರನ ನಾಯಕಿಯರಾಗಿ ಪ್ಯಾರಿಸನ್ನು ಹುಚ್ಚು ಹಿಡಿಸಿದ ಐರಿಷ್ ನಟಿ ಹ್ಯಾರಿಯೆಟ್ ಸ್ಮಿತ್‌ಸನ್‌ಳೊಡನೆ ಮದುವೆಯಾಯಿತು, ಪಿಟೀಲು ವಾದಕ ಪಗನೀನಿ ಮೊಣಕಾಲೂರಿ ಕೈಗೆ ಮುತ್ತಿಟ್ಟು ಆಮೇಲೆ 20,000 ಫ್ರಾಂಕು ಕಳಿಸಿಕೊಟ್ಟ ಪ್ರಸಂಗವೂ ಆಯಿತು. ನೇರವಾಗಿ 1846ರ ಡಿಸೆಂಬರ್‌ಗೆ ಬರೋಣ. ಬರ್ಲಿಯೋಜ್ ತನ್ನ 'ಫೌಸ್ಟನ ಅಧೋಗತಿ'ಯನ್ನು ಸ್ವಂತ ಖರ್ಚಿನಲ್ಲಿ ಆಪೆರಾ ಕೊಮಿಕ್ ರಂಗಮಂದಿರದಲ್ಲಿ ಎರಡು ಸಲ ಕೇಳಿಸಿದ. ಎರಡು ಸಲವೂ ಅರ್ಧ ಕುರ್ಚಿ ಖಾಲಿ. ಇವತ್ತು ಅದನ್ನು ಅವನ ಮೇರುಕೃತಿಗಳಲ್ಲಿ ಎಣಿಸುತ್ತಾರೆ. ಅಂದಿನ ಪ್ಯಾರಿಸಿನವರು ಮನೆಯಲ್ಲಿ ಬೆಚ್ಚಗಿದ್ದರು. ಅವನು ದಿವಾಳಿಯಾದ. ದಾರಿ ಉಳಿದದ್ದು ಒಂದೇ, ರಷ್ಯಾ. ಅಲ್ಲಿನ ಶ್ರೀಮಂತರು ಪರದೇಶದ ಕಲಾವಿದರಿಗೆ ಕೈ ಬಿಚ್ಚಿ ಕೊಡುತ್ತಾರೆ ಎಂಬ ಮಾತಿತ್ತು.

ಹೋಗುವುದಕ್ಕೂ ದುಡ್ಡು ಬೇಕಲ್ಲ. ಯಾರು ಯಾರು ಎಷ್ಟೆಷ್ಟು ಕೊಟ್ಟರು ಎಂದು ಬರ್ಲಿಯೋಜ್ ನಮ್ಮಲ್ಲಿ ಮದುವೆ ಮನೆಯ ಮುಯ್ಯಿ ಪುಸ್ತಕ ಬರೆಯುವಂತೆ ಬರೆದಿದ್ದಾನೆ. ಅವನು ವಿಮರ್ಶೆ ಬರೆಯುತ್ತಿದ್ದ ಪತ್ರಿಕೆಯ ಒಡೆಯ ಬರ್ತಾನ್ 1,000, ಪ್ರಕಾಶಕ ಎಟ್ಜೆಲ್ 1,000, ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ 1,200. ಹೌದು, ಕದ್ರಿ ಗೋಪಾಲನಾಥರ ಕೈಯಲ್ಲಿ ರಾಗ ನುಡಿದ ಸ್ಯಾಕ್ಸೋಫೋನಿನ ಆ ಸ್ಯಾಕ್ಸನೇ. 1846ರಲ್ಲಷ್ಟೇ ಅದರ ಹಕ್ಕುಪತ್ರ ಪಡೆದಿದ್ದ, ಅವನೂ ಸಾಲದಲ್ಲಿ ಮುಳುಗೇಳುತ್ತಿದ್ದವನೇ. ಎಟ್ಜೆಲ್ ಯಾರೆಂದರೆ ಬಾಲ್ಜಾಕನ 'ಮಾನವ ಪ್ರಹಸನ' ಮಾಲೆಯ ಪ್ರಕಾಶಕರಲ್ಲೊಬ್ಬ, ಮುಂದೆ ಜೂಲ್ಸ್ ವರ್ನನನ್ನು ಲೋಕಕ್ಕೆ ಕೊಟ್ಟವನು.

ಈ ಗಡಿಬಿಡಿಯ ನಡುವೆ ಬಾಲ್ಜಾಕ್ ಪುಸ್ತಕದೊಳಕ್ಕೆ ಬರುತ್ತಾನೆ. ಅವನು 1843ರಲ್ಲಿ ತನ್ನ ಪ್ರೇಯಸಿ ಹಾನ್ಸ್ಕಾಳನ್ನು ಕಾಣಲು ಪೀಟರ್ಸ್‌ಬರ್ಗಿಗೆ ಹೋಗಿಬಂದವನು, ಆದ್ದರಿಂದ ದಾರಿ ಬಲ್ಲವನು. ಬರ್ಲಿಯೋಜನ ಬೆನ್ನು ತಟ್ಟಿ ಭವಿಷ್ಯ ನುಡಿಯುತ್ತಾನೆ: ನೀನು ಒಂದೂವರೆ ಲಕ್ಷ ಫ್ರಾಂಕಿನೊಂದಿಗೆ ಮರಳುತ್ತೀಯ, ಆ ದೇಶ ನನಗೆ ಗೊತ್ತು, ಅದಕ್ಕೆ ಒಂದು ಕಾಸು ಕಡಿಮೆ ತರಲು ಸಾಧ್ಯವೇ ಇಲ್ಲ.

ಫ್ರೆಂಚ್ ಕಾದಂಬರಿಯ ಭೀಷ್ಮನಿಂದ ಒಬ್ಬ ಮಹಾ ಸಂಗೀತಕಾರ ಎತ್ತಿಕೊಂಡ ಮಾತು ಇದು. ತತ್ವವಿಲ್ಲ, ಉಪಮೆಯಿಲ್ಲ, ಒಂದು ಮೊತ್ತವಿದೆ. ಜೊತೆಗೆ ಬರ್ಲಿಯೋಜನ ಟಿಪ್ಪಣಿಯೂ ಇದೆ. ಇಂಥ ದೊಡ್ಡ ಬುದ್ಧಿಗೆ ಕಂಡಕಂಡಲ್ಲಿ ಐಶ್ವರ್ಯ ಕಾಣುವ ದೌರ್ಬಲ್ಯವಿತ್ತು, ಇನ್ನೂ ಹುಟ್ಟದ ಆ ಹಣದ ಮೇಲೆ ಬ್ಯಾಂಕಿನವನ ಹತ್ತಿರ ಮುಂಗಡ ಕೇಳುವಷ್ಟು ಅದನ್ನು ನಂಬುತ್ತಿದ್ದ, ನಾನು ನಕ್ಕೆ, ಆದರೆ ನಂಬಲಿಲ್ಲವೆಂದು ತೋರಗೊಡಲಿಲ್ಲ ಎನ್ನುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ನಮ್ಮಲ್ಲೂ ಇದ್ದಾರೆ. ಬಾಲ್ಜಾಕ್ ಕುಲಾವಿಗೆ ಜರಿ ಅಂಚು ಹಾಕಿಸಿ, ಆ ಕೂಸಿನ ಮೊಮ್ಮಗನ ಮದುವೆಯ ವರದಕ್ಷಿಣೆ ಗೊತ್ತುಮಾಡುವ ಪೈಕಿ.

ಈ ಮಾತು ಅತಿಯಲ್ಲ. ಅವನ ಅನಾನಸಿನ ಯೋಜನೆಯನ್ನೇ ನೋಡಿ. ಕವಿ ಗೋತಿಯೆ ಅದನ್ನು ಬರೆದಿಟ್ಟಿದ್ದಾನೆ. ಪ್ಯಾರಿಸಿನ ಹೊರವಲಯದಲ್ಲಿ ಬಾಲ್ಜಾಕ್ ಜಾರ್ದಿ ಎಂಬ ಜಾಗ ಕೊಂಡಿದ್ದ. ಇಳಿಜಾರು ನೆಲ, ಮಳೆ ಬಂದರೆ ಗೋಡೆ ಕುಸಿಯುವ ಜಾಗ. ಅಲ್ಲಿ ಗಾಜಿನ ಮನೆ ಕಟ್ಟಿ 1,00,000 ಅನಾನಸು ಬೆಳೆಯುವುದು, ಪೇಟೆಯಲ್ಲಿ 20 ಫ್ರಾಂಕಿಗೆ ಹೋಗುವ ಹಣ್ಣನ್ನು 5 ಫ್ರಾಂಕಿಗೆ ಕೊಡುವುದು, ಖರ್ಚು ಕಳೆದು 4,00,000 ಫ್ರಾಂಕು ಲಾಭ. ಒಂದು ಗಿಡ ನೆಟ್ಟಿರಲಿಲ್ಲ, ಆಗಲೇ ಗೋತಿಯೆಯನ್ನು ಕರೆದುಕೊಂಡು ಬುಲ್ವಾರ್ ಮೊಂಮಾರ್ತ್ರದಲ್ಲಿ ಅಂಗಡಿ ಹುಡುಕಲು ಹೊರಟ. ಅಂಗಡಿಗೆ ಬಳಿಯುವ ಬಣ್ಣವೂ ತೀರ್ಮಾನವಾಗಿತ್ತು. 1838ರಲ್ಲಿ ರೋಮನ್ನರು ಬಿಟ್ಟುಹೋದ ಬೆಳ್ಳಿ ಗಣಿಗಳ ಕಿಟ್ಟದಿಂದ ಬೆಳ್ಳಿ ತೆಗೆಯುತ್ತೇನೆಂದು ಸಾರ್ಡಿನಿಯಾ ದ್ವೀಪಕ್ಕೆ ಹೋದ. ಅಲ್ಲಿ ಬೆಳ್ಳಿ ಇರಲಿಲ್ಲವೆಂದಲ್ಲ, ಇವನು ತಲುಪುವ ಹೊತ್ತಿಗೆ ಇನ್ನೊಬ್ಬ ಹಕ್ಕು ಬರೆಸಿಕೊಂಡಿದ್ದ. ಅದಕ್ಕೂ ಹತ್ತು ವರ್ಷ ಮೊದಲು ನಡೆಸಿದ ಛಾಪಖಾನೆ ಮುಳುಗಿ ತಲೆಯ ಮೇಲೆ ಹೊರಿಸಿದ ಸಾಲ ಅವನ ಬೆನ್ನು ಬಿಡಲೇ ಇಲ್ಲ.

ಇಲ್ಲಿಯೇ ಸ್ವಲ್ಪ ನಿಲ್ಲಬೇಕೆನಿಸುತ್ತದೆ. 'ಯೂಜೆನಿ ಗ್ರಾಂದೆ' ಓದಿದವರಿಗೆ ಗೊತ್ತು, ಜಿಪುಣ ಗ್ರಾಂದೆಯ ದ್ರಾಕ್ಷಿತೋಟದ ಆದಾಯ, ಪೀಪಾಯಿಯ ಬೆಲೆ, ಬಾಂಡಿನ ಬಡ್ಡಿ ಎಲ್ಲ ಕಾಸು ಕಾಸಿನ ಲೆಕ್ಕದಲ್ಲಿ ಬರುತ್ತವೆ. 'ಸೇಸಾರ್ ಬಿರೊತ್ತೊ' ಒಬ್ಬ ಸುಗಂಧದ್ರವ್ಯದ ವ್ಯಾಪಾರಿ ಹೇಗೆ ದಿವಾಳಿಯಾದ ಎಂಬ ಪುರಾಣ, ಅದರಲ್ಲಿ ಹುಂಡಿ, ಕಂತು, ಕೋರ್ಟು ಎಲ್ಲವೂ ವೀರಗಾಥೆಯ ಕಳೆ ಪಡೆದಿವೆ. ಬಾಲ್ಜಾಕನಿಗೆ ಮೊತ್ತವೆಂಬುದು ಅಂಕಿಯಲ್ಲ, ಪಾತ್ರ. ಅದಕ್ಕೆ ಮುಖವಿದೆ, ಆಸೆಯಿದೆ. ಹೀಗಾಗಿ ಬರ್ಲಿಯೋಜನಿಗೆ ಅವನು ಹೇಳಿದ ಒಂದೂವರೆ ಲಕ್ಷವನ್ನು ಸುಳ್ಳು ಲೆಕ್ಕ ಎನ್ನಲು ನನಗೆ ಮನಸ್ಸು ಬಾರದು. ಆ ಗಳಿಗೆಯಲ್ಲಿ ಅವನು ಬರ್ಲಿಯೋಜನನ್ನು ತನ್ನ ಕಾದಂಬರಿಯೊಂದರ ನಾಯಕನನ್ನಾಗಿ ಮಾಡಿ ರಷ್ಯಾಕ್ಕೆ ಕಳಿಸುತ್ತಿದ್ದ. ಮೊದಲೇ 'ಫೆರ್ರಾಗ್ಯೂಸ್' ಕಾದಂಬರಿಯನ್ನು ಅವನಿಗೆ ಅರ್ಪಿಸಿಯೂ ಇದ್ದ. ಹದಿಮೂರು ಮಂದಿಯ ಗುಪ್ತಕೂಟದ ಕಥೆ ಹೇಳುವ ಆ ಮಾಲೆಯಲ್ಲಿ ಮೊದಲನೆಯದು ಬರ್ಲಿಯೋಜನಿಗೆ, ಎರಡನೆಯದು ಪಿಯಾನೊ ವಾದಕ ಲಿಸ್ಟ್‌ನಿಗೆ, ಮೂರನೆಯದು ಚಿತ್ರಕಾರ ದೆಲಾಕ್ರಾನಿಗೆ.

ಮಾತಿನ ಜೊತೆ ಬಾಲ್ಜಾಕ್ ಇನ್ನೊಂದನ್ನೂ ಕೊಟ್ಟ, ತನ್ನ ತುಪ್ಪಟದ ಕೋಟು. ಈ ಸಂಗತಿ ಬರ್ಲಿಯೋಜನ ಪತ್ರದಿಂದ ತಿಳಿಯುತ್ತದೆ. ದೊಡ್ಡ ಹೊಟ್ಟೆಯ ಬಾಲ್ಜಾಕನ ಕೋಟು ಸಣಕಲ ಬರ್ಲಿಯೋಜನ ಮೈಮೇಲೆ ಹೇಗೆ ಕೂತಿತ್ತೋ! ನನ್ನ ಕಣ್ಣಿಗೆ ಅದು ಎರಡು ಸುತ್ತು ಸುತ್ತಿಕೊಂಡ ಕಂಬಳಿಯ ಹಾಗೆ ಕಾಣುತ್ತದೆ.

1847ರ ಫೆಬ್ರವರಿ 14ಕ್ಕೆ ಬರ್ಲಿಯೋಜ್ ಹೊರಟ. ಬರ್ಲಿನ್ನಿನಲ್ಲಿ ನಿಂತು, ಪ್ರಷ್ಯಾದ ರಾಜನಿಂದ ಅವನ ತಂಗಿ ರಷ್ಯಾದ ಸಾಮ್ರಾಜ್ಞಿಗೆ ಒಂದು ಪತ್ರ ಹಿಡಿದುಕೊಂಡ. ಮುಂದೆ ಗಡಿಯ ಹತ್ತಿರ ಟಿಲ್ಸಿಟ್ ಎಂಬ ಊರು. ಬಾಲ್ಜಾಕ್ ಹೇಳಿಕಳಿಸಿದ್ದ: ಟಿಲ್ಸಿಟ್ಟಿನ ಪೋಸ್ಟ್ ಮಾಸ್ಟರ್ ನೆರ್ನ್‌ಸ್ಟ್ ಓದಿಕೊಂಡ ಮನುಷ್ಯ, ಅವನನ್ನು ಕಾಣು, ಉಪಯೋಗವಾದೀತು. ಪೋಸ್ಟ್ ಮಾಸ್ಟರ್ ಎಂದರೆ ನಮ್ಮ ಅಂಚೆಯಣ್ಣನಲ್ಲ, ಕುದುರೆ ಬದಲಿಸಿಕೊಡುವ ಠಾಣೆಯ ಅಧಿಕಾರಿ. ಬರ್ಲಿಯೋಜ್ ಒಳಗೆ ಹೋಗುತ್ತಾನೆ. ಟೋಪಿ ಹಾಕಿದ ಭಾರಿ ಆಳು ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾನೆ, ಗಡಸು ಮುಖ. ನೀವು ಯಾರು ಎಂದ. ಇವನು ಹೆಸರು ಹೇಳಿದ. ಮರುಕ್ಷಣ ಆಸಾಮಿ ಸ್ಟೂಲಿನಿಂದ ಧುಮುಕಿ, ಟೋಪಿ ಕೈಯಲ್ಲಿ ಹಿಡಿದು ಅಯ್ಯೋ ದೇವರೇ ಎನ್ನುತ್ತ ನಿಂತುಬಿಟ್ಟ.

ಪ್ಯಾರಿಸಿನಲ್ಲಿ ಕುರ್ಚಿ ತುಂಬಿಸಲಾಗದ ಹೆಸರಿಗೆ ಟಿಲ್ಸಿಟ್ಟಿನಲ್ಲಿ ಒಬ್ಬ ಸ್ಟೂಲಿನಿಂದ ಇಳಿದ. ಆಮೇಲೆ ಇದನ್ನು ವಯಸ್ಸಾದ ತಂದೆಗೆ ಹೇಳಿದಾಗ ಅವರು ಹಿಗ್ಗಿದ ಬಗೆಯನ್ನು ಬರ್ಲಿಯೋಜ್ ಬರೆದಿದ್ದಾನೆ. ಮಗನ ತಿಂಗಳ ಹಣ ನಿಲ್ಲಿಸಿದ ತಂದೆ ಇವರೇ. ಸ್ಟೂಲಿನಿಂದ ಇಳಿದನೇ, ಟೋಪಿ ತೆಗೆದನೇ ಎಂದು ಮತ್ತೆ ಮತ್ತೆ ಕೇಳಿಸಿಕೊಂಡಿರಬೇಕು. ಮರುವರ್ಷ ಅವರು ತೀರಿಕೊಂಡರು. ಬಾಲ್ಜಾಕ್ ಹೇಳಿದ ಒಂದೂವರೆ ಲಕ್ಷ ನಿಜವಾಗಲಿಲ್ಲ, ನಿಜವಾದದ್ದು ಈ ಸ್ಟೂಲು. ನನ್ನನ್ನು ಕೇಳಿದರೆ ಎರಡರಲ್ಲಿ ಇದೇ ದುಬಾರಿ.

ಟಿಲ್ಸಿಟ್ಟಿನಿಂದಾಚೆ ನಾಲ್ಕು ಹಗಲು ನಾಲ್ಕು ರಾತ್ರಿ ಜಾರುಬಂಡಿಯಲ್ಲಿ, ಹಿಮದ ಮೇಲೆ, ಎಲುಬು ಕುಟ್ಟಿ ಪುಡಿಯಾಗುವಂತೆ ಪಯಣ. ಆ ಬಿಳಿ ಬಯಲು ನೋಡಿ 1812ರಲ್ಲಿ ಅಲ್ಲಿ ಸತ್ತ ನೆಪೋಲಿಯನ್ನನ ಸಿಪಾಯಿಗಳು ಅವನಿಗೆ ನೆನಪಾಗುತ್ತಾರೆ. ಪೀಟರ್ಸ್‌ಬರ್ಗ್ ಮುಟ್ಟಿದ ದಿನವೇ ಸಂಗೀತಪೋಷಕ ವಿಯೆಲ್ಗೋರ್ಸ್ಕಿಯ ಮನೆಯ ಕೂಟಕ್ಕೆ ಕರೆ ಬಂತು. ಮಾರ್ಚ್ 15ರಂದು ಶ್ರೀಮಂತರ ಸಭಾಭವನದಲ್ಲಿ ಮೊದಲ ಕಛೇರಿ. ಟಿಕೆಟ್ಟಿಗೆ ಮೂರು ಬೆಳ್ಳಿ ರೂಬಲ್. ನುಡಿಸಿದ್ದರಲ್ಲಿ ಮುಖ್ಯವಾದದ್ದು ಪ್ಯಾರಿಸ್ ಒಲ್ಲದ ಅದೇ ಫೌಸ್ಟಿನ ಮೊದಲೆರಡು ಭಾಗ. ರಾತ್ರಿ ಲೆಕ್ಕ ಹಾಕಿದರೆ: ವಸೂಲು 18,000 ಫ್ರಾಂಕು, ಖರ್ಚು 6,000, ಉಳಿದದ್ದು 12,000. ಬದುಕಿಕೊಂಡೆ ಎಂದುಕೊಂಡು ಅವನು ತನಗರಿವಿಲ್ಲದೆ ಫ್ರಾನ್ಸಿನ ದಿಕ್ಕಿಗೆ ತಿರುಗಿ, ಪ್ಯಾರಿಸಿನ ಮಹಾಜನರನ್ನು ಪ್ರೀತಿಯಿಂದ ನೆನೆಯುತ್ತಾನೆ. ಆ ಪ್ರೀತಿಯ ರುಚಿ ಹಾಗಲಕಾಯಿಯದು.

ಮಾಸ್ಕೋದ ಪ್ರಸಂಗ ಬೇರೆಯೇ ತಮಾಷೆ. ಸಭಾಂಗಣ ಬಿಟ್ಟಿ ಬೇಕಾದರೆ ಕಲಾವಿದ ಶ್ರೀಮಂತರ ಖಾಸಗಿ ಕೂಟದಲ್ಲಿ ತನ್ನ ವಾದ್ಯ ನುಡಿಸಬೇಕೆಂದು ನಿಯಮ. ನನ್ನ ವಾದ್ಯ ಆರ್ಕೆಸ್ಟ್ರಾ ಎಂದರೆ ಅಲ್ಲಿನ ಮುಖ್ಯಸ್ಥನಿಗೆ ತಿಳಿಯದು. ಕೊನೆಗೆ ಅವನ ಹೆಂಡತಿ ಹೇಳಿ ಬಿಡಿಸಿದಳು. ನಿಯಮದ ಪುಸ್ತಕ ಹಿಡಿದು ಕೂತವರ ಎದುರು ಪ್ರತಿಭೆ ಕೈಕಟ್ಟಿ ನಿಲ್ಲುವ ದೃಶ್ಯ ಯಾವ ದೇಶದಲ್ಲಾದರೂ ಒಂದೇ ರೀತಿ.

ಮರಳಿ ಬಂದಾಗ ಸಾಲ ತೀರಿಸುವಷ್ಟಿತ್ತು, ನಿರೀಕ್ಷೆಗಿಂತ ಹೆಚ್ಚೇ ಸಿಕ್ಕಿತ್ತು, ಒಂದೂವರೆ ಲಕ್ಷಕ್ಕೆ ಬಹಳ ದೂರವಿತ್ತು. ಬರ್ಲಿಯೋಜ್ ಇಷ್ಟಕ್ಕೆ ಬಾಲ್ಜಾಕನನ್ನು ಬಿಡುತ್ತಾನೆ. 1850ರ ಆಗಸ್ಟ್ 18ಕ್ಕೆ ಬಾಲ್ಜಾಕ್ ಸತ್ತ. ಹಾನ್ಸ್ಕಾಳನ್ನು ಮದುವೆಯಾಗಿ ಐದು ತಿಂಗಳಾಗಿತ್ತು.

ನಾನು ಬಿಡಲಾರೆ. ಯಾಕೆಂದರೆ ಅದೇ ಆತ್ಮಕಥೆಯ ಕೊನೆಯತ್ತ, ಬಾಲ್ಜಾಕನ ಹೆಸರೇ ಇಲ್ಲದ ಒಂದು ಪುಟದಲ್ಲಿ, ಆ ಒಂದೂವರೆ ಲಕ್ಷಕ್ಕೆ ಉತ್ತರವಿದೆ ಎಂದು ನನ್ನ ನಂಬಿಕೆ. ಅದನ್ನು ಓದಿದ ಮೇಲೆ ಬಾಲ್ಜಾಕನನ್ನು ಕಂಡು ನಗುವುದು ನನಗೆ ಕಷ್ಟವಾಗಿದೆ.

ಹ್ಯಾರಿಯೆಟ್ ಪಾರ್ಶ್ವವಾಯು ಬಡಿದು ಮಲಗಿದ್ದ ವರ್ಷಗಳು. ದಂಪತಿ ಬೇರೆಯಾಗಿ ಬಹಳ ಕಾಲವಾಗಿತ್ತು, ಆದರೂ ಅವಳ ಆರೈಕೆಯ, ವೈದ್ಯರ ಖರ್ಚು ಬರ್ಲಿಯೋಜನದೇ. ಮಗ ಲೂಯಿ ಹಡಗಿನಲ್ಲಿ ಕೆಲಸ ಕಲಿಯುತ್ತಿದ್ದ, ಅವನಿಗೂ ಕಳಿಸಬೇಕು. ಆದಾಯವೆಂದರೆ ಪತ್ರಿಕೆಗೆ ಬರೆದ ವಿಮರ್ಶೆಯ ಸಂಭಾವನೆ. ಒಂದು ರಾತ್ರಿ ಅವನು ಕನಸಿನಲ್ಲಿ ಸಿಂಫನಿ ರಚಿಸುತ್ತಾನೆ. ಎದ್ದಾಗ ಮೊದಲ ಭಾಗ ಹೆಚ್ಚುಕಡಿಮೆ ಇಡಿಯಾಗಿ ನೆನಪಿದೆ. ಎ ಮೈನರ್ ಶ್ರುತಿ, ಎರಡು ಎಣಿಕೆಯ ಚುರುಕು ನಡೆ. ಬರೆಯಲೆಂದು ಮೇಜಿನ ಕಡೆ ನಡೆಯುತ್ತಾನೆ. ಆಗ ಲೆಕ್ಕ ಶುರುವಾಗುತ್ತದೆ. ಈ ಭಾಗ ಬರೆದರೆ ಉಳಿದದ್ದನ್ನೂ ಬರೆಯದೆ ಬಿಡಲಾರೆ. ಮೂರು ನಾಲ್ಕು ತಿಂಗಳು ಹೋಗುತ್ತದೆ, 'ರೋಮಿಯೊ ಮತ್ತು ಜೂಲಿಯೆಟ್'ಗೆ ಏಳು ತಿಂಗಳು ಹಿಡಿದಿತ್ತು. ಅಷ್ಟು ದಿನ ವಿಮರ್ಶೆ ಇಲ್ಲ, ಸಂಭಾವನೆ ಇಲ್ಲ. ಮುಗಿದ ಮೇಲೆ ಸ್ವರಲಿಪಿ ನಕಲಿಗೆ ಕೊಡದೆ ಇರಲಾರೆ, ಅದಕ್ಕೆ 1,000ದಿಂದ 1,200 ಫ್ರಾಂಕು. ನಕಲಾದ ಮೇಲೆ ಕೇಳಿಸದೆ ಇರಲಾರೆ, ಕಛೇರಿಯ ವಸೂಲು ಖರ್ಚಿನ ಅರ್ಧವನ್ನೂ ಮುಟ್ಟದು. ಇಲ್ಲದ ಹಣ ಕಳೆದುಕೊಳ್ಳುತ್ತೇನೆ, ಹಾಸಿಗೆ ಹಿಡಿದವಳಿಗೆ ಔಷಧ ತಪ್ಪುತ್ತದೆ. ಮೈ ನಡುಗಿ ಲೇಖನಿ ಎಸೆದ, ನಾಳೆಗೆ ಮರೆತೀತು ಎಂದುಕೊಂಡು. ಮರುರಾತ್ರಿ ಆ ಸಿಂಫನಿ ಮತ್ತೆ ಕನಸಿನಲ್ಲಿ ಬಂತು, ಇನ್ನೂ ನಿಚ್ಚಳವಾಗಿ. ಎದ್ದು ಗುನುಗಿಕೊಂಡ, ಬಹಳ ಹಿಡಿಸಿತು. ಹಲ್ಲು ಕಚ್ಚಿಕೊಂಡು ಮಲಗಿಬಿಟ್ಟ. ಬೆಳಗಾಗುವಷ್ಟರಲ್ಲಿ ಎಲ್ಲ ಮಾಯ. ಮತ್ತೆ ಬರಲೇ ಇಲ್ಲ. ಹೇಡಿ ಎಂದು ಯಾವನೋ ಹುರುಪಿನ ಹುಡುಗ ತನ್ನನ್ನು ಬೈಯುತ್ತಾನೆಂದು ಊಹಿಸಿ ಅವನಿಗೆ ಉತ್ತರವನ್ನೂ ಕೊಡುತ್ತಾನೆ. ಹ್ಯಾರಿಯೆಟ್ 1854ರ ಮಾರ್ಚ್‌ನಲ್ಲಿ ಸತ್ತಳು.

ನೋಡಿ, ಮತ್ತೆ ಆ 1,200. ಇಪ್ಪತ್ತೊಂದರ ಹುಡುಗ ಅದಕ್ಕಾಗಿ ಗುರುತಿಲ್ಲದ ಮಾಜಿ ಮಂತ್ರಿಗೆ ಕಾಗದ ಬರೆದ, ಸೇತುವೆಯ ಮೇಲೆ ಒಣ ರೊಟ್ಟಿ ತಿಂದ. ಐವತ್ತರ ಹತ್ತಿರದವನು ಅದೇ ಸಂಖ್ಯೆ ಎದುರು ಬಂದಾಗ ಲೇಖನಿ ಕೆಳಗಿಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಿದ ಅನ್ನೋಣ. ಅವನು ತಪ್ಪು ಮಾಡಿದನೆಂದು ಹೇಳುವ ಯೋಗ್ಯತೆ ನನಗಿಲ್ಲ, ಹಾಸಿಗೆಯಲ್ಲಿ ಮಲಗಿದ್ದವಳು ನನ್ನ ಹೆಂಡತಿಯಲ್ಲ. ಆದರೆ ಆ ಬೆಳಗ್ಗೆ ಬಾಲ್ಜಾಕ್ ಅವನ ಕೋಣೆಯಲ್ಲಿದ್ದಿದ್ದರೆ? ಈ ಸಿಂಫನಿಗೆ ಕಡಿಮೆಯೆಂದರೂ ಮೂರು ಲಕ್ಷ ಎಂದು ಕೂಗಿ, ವಿಯೆನ್ನಾ, ಲಂಡನ್, ಪೀಟರ್ಸ್‌ಬರ್ಗ್ ಎಂದು ಬೆರಳು ಮಡಿಚಿ ಎಣಿಸಿ, ಬರ್ಲಿಯೋಜನ ಕೈಗೆ ಲೇಖನಿ ತುರುಕುತ್ತಿರಲಿಲ್ಲವೇ? ಆ ಲೆಕ್ಕ ಪೂರಾ ಸುಳ್ಳಾಗಿರುತ್ತಿತ್ತು. ಎ ಮೈನರಿನಲ್ಲಿ ಒಂದು ಸಿಂಫನಿ ಉಳಿದಿರುತ್ತಿತ್ತು.

ಬಾಲ್ಜಾಕನ 'ಗಂಬಾರ' ಎಂಬ ನೀಳ್ಗತೆಯಲ್ಲಿ ಒಬ್ಬ ಸಂಗೀತಕಾರನಿದ್ದಾನೆ. ಅವನೊಳಗೆ ದಿವ್ಯವಾದ ಆಪೆರಾ ಮೊಳಗುತ್ತಿರುತ್ತದೆ, ನುಡಿಸಿದರೆ ಕೇಳುವವರಿಗೆ ಬರೀ ಗದ್ದಲ. ಅದು ಅಚ್ಚಾದದ್ದು 1837ರಲ್ಲಿ, ಬರ್ಲಿಯೋಜ್ ತಪ್ಪದೆ ಬರೆಯುತ್ತಿದ್ದ ಸಂಗೀತ ಪತ್ರಿಕೆಯಲ್ಲೇ. ಬೇರೆ ಯಾರಿಗೂ ಕೇಳಿಸದ ಸಂಗೀತದ ಕಥೆಯನ್ನು ಕಾದಂಬರಿಕಾರ ಕಲ್ಪಿಸಿ ಬರೆದ. ಸಂಗೀತಕಾರ ಆ ಕಥೆಯನ್ನು ಹದಿನೈದು ವರ್ಷ ತಡವಾಗಿ ಬಾಳಿದ.

1865ರ ಹೊಸ ವರ್ಷದ ದಿನ ಬರ್ಲಿಯೋಜ್ ಆತ್ಮಕಥೆಗೆ ಕೊನೆಯ ಸಾಲು ಬರೆದ. ಅದೇ ವರ್ಷ ತನ್ನದೇ ಖರ್ಚಿನಲ್ಲಿ ಅಚ್ಚು ಹಾಕಿಸಿದ, ತಾನು ಸತ್ತ ಮೇಲೆಯೇ ಮಾರಬೇಕೆಂಬ ಷರತ್ತಿನ ಮೇಲೆ. ಪ್ರತಿಗಳ ಕಟ್ಟುಗಳು ಪ್ಯಾರಿಸ್ ಕನ್ಸರ್ವೇಟರಿಯ ಗ್ರಂಥಾಲಯದಲ್ಲಿದ್ದ ಅವನ ಕೋಣೆಯಲ್ಲಿ, 1869ರ ಮಾರ್ಚ್‌ನಲ್ಲಿ ಅವನು ತೀರಿಕೊಳ್ಳುವವರೆಗೆ ಬಿದ್ದಿದ್ದವು. ಎಷ್ಟು ಪ್ರತಿ ಹಾಕಿಸಿದ್ದ ಎನ್ನುತ್ತೀರಿ? 1,200.